ಫಲಕ ಒರೆಸುವವನು

ಬೆಳಗ್ಗೆ ಐದೂವರೆಗೆ ಏಣಿ ಹತ್ತುತ್ತೇನೆ,
ಕೈಯಲ್ಲಿ ಹಳೇ ಅಂಗಿಯ ತುಂಡು, ಡಬ್ಬಿಯಲ್ಲಿ ಮಳೆನೀರು.
ಶಾಲೆಯ ತಗಡಿನ ಮೇಲೆ ಆರು ಸೌರಫಲಕ.
ಆರರ ಮೇಲೂ ರಾತ್ರಿಯಿಡೀ ಗಾಳಿ ಹೊತ್ತು ತಂದ ಉಪ್ಪು,
ತೆಳ್ಳಗೆ, ಮುದುಕನ ಕಣ್ಣಿನ ಪೊರೆಯ ಹಾಗೆ.
ಮೂರನೆಯದರ ಮೇಲೆ ಕಡಲಹಕ್ಕಿಯ ಕಾಣಿಕೆಯೂ ಒಂದಿಷ್ಟು.

ಹನ್ನೊಂದು ವರ್ಷ ಹಡಗಿನ ಎಂಜಿನ್ ಕೋಣೆಯಲ್ಲಿದ್ದೆ.
ಪಂಪಿನ ಉಸಿರು ಕೇಳಿಯೇ ಹೇಳಬಲ್ಲೆ
ಅದರ ಕಾಯಿಲೆ ಏನೆಂದು.
ಅದಕ್ಕೇ ಇಟ್ಟುಕೊಂಡಿದ್ದಾರೆ ನನ್ನನ್ನು:
ಗಂಟೆ ಹೊಡೆಯಲು (ಗಂಟೆ ಅಂದರೆ
ಜೋತುಬಿಟ್ಟ ಖಾಲಿ ಸಿಲಿಂಡರು),
ಹಂದಿ ಓಡಿಸಲು,
ಈ ಒಂದು ಪಂಪನ್ನು ಬದುಕಿಸಿಡಲು.

ಅಬಯಾಂಗ್ ಅಂದರೆ ಇಷ್ಟೇ:
ಈ ಕಡೆ ಕಡಲು, ಆ ಕಡೆ ಕಡಲು,
ನಡುವೆ ಒಂದು ರಸ್ತೆ.
ಹವಳ ಅರೆದು ಚೆಲ್ಲಿದ ಬಿಳೀ ಹಿಟ್ಟಿಗೆ
ಮಣ್ಣು ಅನ್ನುತ್ತೇವೆ, ಬೇರೆ ಮಾತಿಲ್ಲದೆ.
ಬೀಜ ಕೇಳಿದ್ದಕ್ಕೆ ಅದು ಉತ್ತರ ಕೊಡುವುದಿಲ್ಲ.

ಬಬಾಯಿ ಇತ್ತು ಒಂದು ಕಾಲಕ್ಕೆ.
ಕೆಸುವಿನ ಜಾತಿಯೇ, ಆದರೆ ಆಳೆತ್ತರ,
ದೋಣಿಗೆ ಹಾಯಿ ಕಟ್ಟಬಹುದಾದಂಥ ಎಲೆ.
ಅಜ್ಜಂದಿರು ಹವಳ ಒಡೆದು ತೋಡಿದ ಗುಂಡಿಯ ತಳದಲ್ಲಿ
ಅಂಗೈಯಷ್ಟು ಸಿಹಿನೀರು ಕಾದಿರುತ್ತಿತ್ತು.
ಮದುವೆಗೊಂದು ಗೆಡ್ಡೆ, ಸಾವಿಗೊಂದು ಗೆಡ್ಡೆ.
ನೇಯ್ ತಿರೋಯಾಳ ಗುಂಡಿಯೇ ಊರಿಗೆ ದೊಡ್ಡದು.
ಒಂದು ಹುಣ್ಣಿಮೆಯ ಉಬ್ಬರಕ್ಕೆ ಕಡಲು ರಸ್ತೆ ದಾಟಿತು,
ಅವಸರವಿಲ್ಲದೆ, ನೆಂಟರ ಹಾಗೆ,
ಗುಂಡಿಗೆ ಇಳಿಯಿತು, ಕೂತಿತು,
ಎದ್ದು ಹೋಗಲೇ ಇಲ್ಲ.

ಆಮೇಲೆ ಅಕ್ಕಿ. ಡಬ್ಬಿಯ ಮಾಂಸ. ತರಾವಾದ ದೋಣಿ ಬಂದರೆ.

ಕೈಟಿರೋ ಮೇಷ್ಟ್ರು ಬಿಳೀ ಪೈಪು ತರಿಸಿದರು.
ಮಕ್ಕಳು ಬಟ್ಟಲಿಟ್ಟು ಗೀಚಿ ತೂತು ಕೊರೆದರು,
ಒಟ್ಟು ನೂರಾ ನಲವತ್ತು, ಎರಡು ವಕ್ರ.
ತೂತಿಗೊಂದು ಸಸಿ; ಸೊಪ್ಪಿಗೆ ನೀರೇ ನೆಲ.
ತಿರೋಯಾ ಬಂದಳು, ಬಗ್ಗಿ ನೋಡಿದಳು,
ಗೊಬ್ಬರದ ನೀರು ಮೂಸಿದಳು.
'ಕೈ ಕೆಸರಾಗದೆ ಬಾಯಿಗೆ ಬಂದದ್ದು ಊಟವೇನೋ?'
ಮೊಮ್ಮಗಳು ರೂತಾಳ ಕಿವಿ ಕೆಂಪಾಯಿತು.

ಜನವರಿಯಲ್ಲಿ ಐದು ದಿನ ಬಿಸಿಲೇ ಏಳಲಿಲ್ಲ.
ಬ್ಯಾಟರಿ ಸತ್ತಿತು. ಪಂಪು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ನೀರು ಓಡದ ಪೈಪಿನಲ್ಲಿ ಬೇರಿಗೆ ಉಸಿರಿಲ್ಲ.
ಆರನೇ ತರಗತಿ ಆ ರಾತ್ರಿ ಮನೆಗೆ ಹೋಗಲಿಲ್ಲ.
ಹಾಲಿನಪುಡಿಯ ಡಬ್ಬ ಹಿಡಿದು ಸಾಲು ನಿಂತರು;
ಡ್ರಮ್ಮಿನಿಂದ ಮೊಗೆದು ಮೇಲಕ್ಕೆ ಸುರಿ,
ಹರಿದು ಕೆಳಗೆ ಬಂದದ್ದನ್ನು ಮತ್ತೆ ಮೊಗೆ.
ಕಾಲು ಗಂಟೆಗೊಮ್ಮೆ ನಾನು ಸಿಲಿಂಡರು ಬಡಿದೆ,
ಹಡಗಿನ ಪಾಳಿ ಬದಲಿಸುವ ಹಾಗೆ.
ಯಾರೋ ನಿಂತಲ್ಲೇ ನಿದ್ದೆಹೋದರು, ಡಬ್ಬದ ಸಮೇತ.

ರಾತ್ರಿ ಎರಡಕ್ಕೆ ತಿರೋಯಾ ಬಂದಳು.
ಒಂದು ಸಸಿ ಎತ್ತಿ ಲಾಟೀನಿಗೆ ಹಿಡಿದಳು:
ಮೊಳದುದ್ದ ಬೇರು, ಬೆಳ್ಳಗೆ, ತೊಟ್ಟಿಕ್ಕುತ್ತಾ.
ಏನೂ ಅನ್ನಲಿಲ್ಲ. ಸೊಂಟಕ್ಕೆ ಬಟ್ಟೆ ಬಿಗಿದು
ರೂತಾಳ ಕೈಯಿಂದ ಡಬ್ಬ ತೆಗೆದುಕೊಂಡಳು.
'ಹಾಗೆ ಸುರಿಯಬೇಡ, ಹೆದರುತ್ತೆ' ಅಂದಳು.

ಮೂರು ದಿನಕ್ಕೆ ಬಿಸಿಲು ಬಂತು. ಅವಳೂ ಬಂದಳು,
ಬಿರುಕು ಬಿಟ್ಟ ಬಕೆಟ್ಟು ಹೊತ್ತು.
ಒಳಗೆ ಬೆರಳು ಗಾತ್ರದ ಒಂದು ಬಬಾಯಿ ಕುಡಿ;
ಉಬ್ಬರದ ಮರುದಿನ ಕಿತ್ತಿಟ್ಟದ್ದಂತೆ,
ತನ್ನ ಕುಡಿಯುವ ನೀರಲ್ಲೇ ಪಾಲು ಕೊಟ್ಟು ಉಳಿಸಿದ್ದಂತೆ,
ಮನೆಯಲ್ಲಿ ಯಾರಿಗೂ ಹೇಳದೆ.

ಪೈಪಿಗೆ ಅದು ಹಿಡಿಸುವುದಿಲ್ಲ. ನನಗೆ ಗೊತ್ತು, ಅವಳಿಗೂ ಗೊತ್ತು.
ನೀಲಿ ಡ್ರಮ್ಮಿನ ಬಾಯಿಗೆ ಹಗ್ಗ ಕಟ್ಟಿ ಇಳಿಬಿಟ್ಟೆವು.
ಸೊಪ್ಪಿನ ಗೊಬ್ಬರವನ್ನೆಲ್ಲ ಅದೇ ಕುಡಿಯುತ್ತಿದೆ ಎಂದು
ಮೇಷ್ಟ್ರು ಲೆಕ್ಕ ತೋರಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ.
ಗೆಡ್ಡೆ ಕಟ್ಟಲು ಇನ್ನು ನಾಲ್ಕೈದು ವರ್ಷ,
ಡ್ರಮ್ಮು ಅಷ್ಟು ದೊಡ್ಡದಲ್ಲ.

ದಿನಾ ಪುಸ್ತಕದಲ್ಲಿ ಬರೆಯುತ್ತೇನೆ:
ಬ್ಯಾಟರಿ ಹನ್ನೆರಡೂವರೆ ವೋಲ್ಟು. ಸೊಪ್ಪು ಎಂಟು ಕಟ್ಟು, ಅಡುಗೆಮನೆಗೆ.
ಅಂಕಣವಿಲ್ಲದಲ್ಲಿ, ಅಂಚಿನಲ್ಲಿ, ಪೆನ್ಸಿಲಿನಿಂದ:
ಎಲೆ, ಮೂರು.
ಮೂರನೆಯದು ಇನ್ನೂ ಸುರುಳಿ ಬಿಚ್ಚಿಲ್ಲ.

ಹಕ್ಕಿ ಮತ್ತೆ ಕೂತಿದೆ ಮೇಲೆ.
ಏಣಿ ಎಲ್ಲಿ?